ಜಾರ್ಜ್ ಪೊರ್ಬುಗಳು ತಾವಾಗಿ ಬಿದ್ದದ್ದಲ್ಲ

ಕುಕ್ಕುಂದೂರಿನ ನಮ್ಮ ಓಣಿಗೆ ಇಪ್ಪತ್ತೆಂಟು ವರ್ಷ ಬ್ರೆಡ್ಡು, ರಸ್ಕು, ಜೀರಿಗೆ ಬಿಸ್ಕತ್ತು ತಂದವರು ಜಾರ್ಜ್ ಪೊರ್ಬುಗಳು. ಕ್ರಿಶ್ಚಿಯನ್ ಹಿರಿಯರನ್ನು ನಮ್ಮ ಕಡೆ ಮರ್ಯಾದೆಯಿಂದ ಪೊರ್ಬುಗಳು ಎನ್ನುವುದು. ಸೈಕಲಿನ ಹಿಂದೆ ತಗಡಿನ ದೊಡ್ಡ ಪೆಟ್ಟಿಗೆ. ಬೆಳಿಗ್ಗೆ ಏಳಕ್ಕೆ ಅವರು ಬಾರದಿದ್ದರೆ ನಮ್ಮ ಮನೆಯಲ್ಲಿ ಚಹಾ ಒಲೆ ಬಿಟ್ಟು ಇಳಿಯುತ್ತಿರಲಿಲ್ಲ. ನನ್ನ ಮಕ್ಕಳಿಗೆ ಜ್ವರ ಬಂದರೆ ಮಾತ್ರೆಗಿಂತ ಮೊದಲು ಅವರ ರಸ್ಕು ಬೇಕು. ಜ್ವರ ಬಿಟ್ಟ ಮೇಲೂ ಎರಡು ದಿನ ಹೊದ್ದುಕೊಂಡು ನಾಟಕ ಮಾಡುತ್ತಿದ್ದರು. ಪೊರ್ಬುಗಳಿಗೆ ಅದು ಗೊತ್ತಿತ್ತು. "ಜ್ವರ ಇನ್ನೂ ಉಂಟಾ?" ಎಂದು ಗಂಭೀರವಾಗಿ ಕೇಳಿ, ಇಲ್ಲದ ಜ್ವರಕ್ಕೂ ಒಂದು ರಸ್ಕು ಕೊಟ್ಟು ಹೋಗುತ್ತಿದ್ದರು.

ನಾನು ವಸಂತಿ. ನಮ್ಮ ಸ್ವಸಹಾಯ ಸಂಘದಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡುವವಳು ಎಂದು ನನಗೆ ಹೆಸರು. ಅಂಥ ನಾನು, ಬಾಯಿ ತೆರೆಯಲೇಬೇಕಾಗಿದ್ದ ಕಡೆ ನಾಲ್ಕು ತಿಂಗಳು ಮುಚ್ಚಿಕೊಂಡು ಕೂತೆ. ಆ ಕಥೆಯನ್ನು ನಾನೇ ಹೇಳುವುದು ಸರಿ.

ಎರಡು ವರ್ಷದ ಹಿಂದಿನ ನವೆಂಬರ್. ನಾನು ಬ್ರೆಡ್ಡಿಗಾಗಿ ಗೇಟಿನ ಹತ್ತಿರ ನಿಂತಿದ್ದೆ. ತಿರುವಿನಲ್ಲಿ ಬಸ್ಸನ್ನು ಹಿಂದಿಕ್ಕಿ ಬಂದ ಕಾರು ನನ್ನ ಕಣ್ಣೆದುರೇ ಪೊರ್ಬುಗಳ ಸೈಕಲಿಗೆ ಗುದ್ದಿತು. ಬಿಸ್ಕತ್ತುಗಳೆಲ್ಲ ರಸ್ತೆಯ ಮೇಲೆ ಚೆಲ್ಲಿದವು. ಕಾರಿನಿಂದ ಇಳಿದವನು ಕ್ಲಾಯ್ಡ್. ಪೊರ್ಬುಗಳು ಹೋಗುವ ಇಗರ್ಜಿಯ, ಅಂದರೆ ಚರ್ಚಿನ, ಹುಡುಗ, ಕತಾರಿನಿಂದ ರಜೆಯಲ್ಲಿ ಬಂದಿದ್ದ.

ಕಾಲು ಮುರಿದುಕೊಂಡು ಬಿದ್ದಿದ್ದ ಪೊರ್ಬುಗಳು ನನ್ನನ್ನು ಹತ್ತಿರ ಕರೆದರು.

"ವಸಂತಕ್ಕ, ನಾನೇ ಜಾರಿ ಬಿದ್ದದ್ದು ಅಂತ ಹೇಳಿ. ಮುಂದಿನ ವಾರ ಇವನಿಗೆ ವಿಮಾನ ಉಂಟು. ಪೊಲೀಸು, ಕೇಸು ಅಂತ ಆದರೆ ಹುಡುಗನ ಕೆಲಸ ಹೋಗ್ತದೆ."

ನಾನು ತಲೆಯಾಡಿಸಿದೆ. ಎಷ್ಟು ದೊಡ್ಡ ಮನಸ್ಸು ಎಂದು ಕಣ್ಣೀರನ್ನೂ ಹಾಕಿದೆ. ಕ್ಲಾಯ್ಡನೇ ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದ. ಆಸ್ಪತ್ರೆಯ ಕಾಗದದಲ್ಲಿ ಪೊರ್ಬುಗಳು ಹೇಳಿದ ಹಾಗೆಯೇ 'ಸೈಕಲಿನಿಂದ ಜಾರಿ ಬಿದ್ದದ್ದು' ಎಂದು ಬರೆದರು. ಮೊದಲ ಬಿಲ್ಲಿಗೆ ಸ್ವಲ್ಪ ಹಣ ಕೊಟ್ಟು ಹುಡುಗ ವಿಮಾನ ಹತ್ತಿದ.

ನಾಲ್ಕು ತಿಂಗಳಾದರೂ ಎಲುಬು ಕೂಡಲಿಲ್ಲ. ಇನ್ನೊಂದು ಆಪರೇಷನ್ ಆಗದಿದ್ದರೆ ಆ ಕಾಲಿನ ಮೇಲೆ ಭಾರ ಹಾಕುವ ಹಾಗಿಲ್ಲ ಎಂದರು ಡಾಕ್ಟರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಅವರ ಹೆಂಡತಿ ಆನಿ ಬಾಯಿ ಸಂಘದ ಸಭೆಯಲ್ಲಿ ಸಾಲ ಕೇಳಲು ಎದ್ದು ನಿಂತವರು, ಕೇಳಲಾಗದೆ ಹಾಗೆಯೇ ಕುಳಿತುಬಿಟ್ಟರು.

ಆ ದಿನ ಸಭೆಗೆ ಜೆನಿಟಾ ಬಂದಿದ್ದಳು. ಕಾರ್ಕಳದ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ, ಹಳ್ಳಿಗಳಲ್ಲಿ ಕಾನೂನಿನ ಮಾಹಿತಿ ಕೊಡುವವಳು.

"ಅಂಕಲ್‌ಗೆ ರಸ್ತೆಯಲ್ಲಿ ಅಪಘಾತ ಆದದ್ದು ಅಂತ ಕೇಳಿದೆ. ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಆಂಟಿ?" ಎಂದು ಕೇಳಿದಳು.

ಆನಿ ಬಾಯಿಗಿಂತ ಮೊದಲು ನಾನೇ ಬಾಯಿ ಹಾಕಿದೆ. "ಎಂತ ಪರಿಹಾರ ಮಾರಾಯ್ತಿ? ಸೈಕಲಿಗೆ ಯಾರಾದರೂ ಇನ್ಸೂರೆನ್ಸ್ ಮಾಡ್ತಾರಾ?"

"ಸೈಕಲಿಗೆ ಬೇಡ ಅಕ್ಕ. ಗುದ್ದಿದ ಗಾಡಿಗೆ ಇದ್ದರೆ ಸಾಕು. ಬೇರೆಯವರಿಗೆ ಪೆಟ್ಟಾದರೆ ಕೊಡಲಿಕ್ಕೆ ಅಂತಲೇ ಪ್ರತಿ ಗಾಡಿಗೂ ವಿಮೆ ಕಡ್ಡಾಯ. ಯಾವ ಗಾಡಿ ಗುದ್ದಿದ್ದು?"

ಆನಿ ಬಾಯಿ ನನ್ನ ಮುಖ ನೋಡಿದರು. ನಾನು ಚಾಪೆ ನೋಡಿದೆ. ಕೊನೆಗೆ ಹೇಳಲೇಬೇಕಾಯಿತು.

ಸಭೆ ಮುಗಿದ ಮೇಲೆ ಮೂವರೂ ಪೊರ್ಬುಗಳ ಮನೆಗೆ ಹೋದೆವು. ಜೆನಿಟಾ ವಿಷಯ ಹೇಳಿದಾಗ ಅವರು ಮಂಚದಿಂದಲೇ ಕೈ ಅಲ್ಲಾಡಿಸಿದರು.

"ಬೇಡ ಮಗಾ. ನಾನು ಅವನನ್ನು ಕ್ಷಮಿಸಿ ಆಗಿದೆ. ಈಗ ಕೇಸು ಹಾಕಿದರೆ ಅದು ಎಂತ ಕ್ಷಮೆ?"

"ಕ್ಷಮೆ ಕೊಟ್ಟದ್ದು ಕ್ಲಾಯ್ಡನಿಗೆ ಅಲ್ವಾ ಅಂಕಲ್? ಇನ್ಸೂರೆನ್ಸ್ ಕಂಪೆನಿಗೆ ಯಾಕೆ ಕೊಡ್ತೀರಿ? ಅವರು ವರ್ಷ ವರ್ಷ ಕಂತು ತೆಗೆದುಕೊಂಡದ್ದು ಇಂಥ ದಿನಕ್ಕೇ."

"ಹುಡುಗನಿಗೆ ತೊಂದರೆ ಆಗುವುದಿಲ್ವಾ?"

"ಪೊಲೀಸ್ ಕೇಸು ಆಗ್ತದೆ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಲೈಸೆನ್ಸು, ವಿಮೆ ಎಲ್ಲ ಸರಿ ಇದ್ದರೆ ಪರಿಹಾರದ ಹಣ ಕಂಪೆನಿ ಕೊಡಬೇಕು, ಅವನಲ್ಲ. ಕಷ್ಟ ಇರುವುದು ಬೇರೆ ಕಡೆ. ಆಸ್ಪತ್ರೆಯ ಕಾಗದದಲ್ಲಿ ಜಾರಿ ಬಿದ್ದದ್ದು ಅಂತ ಉಂಟು. ಕಂಪೆನಿಯವರು ಅದನ್ನೇ ಹಿಡಿದುಕೊಳ್ತಾರೆ. ನಡೆದದ್ದನ್ನು ಕಂಡವರು ಬಂದು ಹೇಳಬೇಕು. ಅರ್ಜಿಗೆ ಆರು ತಿಂಗಳ ಗಡುವು, ಇನ್ನು ಎರಡೇ ತಿಂಗಳು ಉಳಿದದ್ದು."

ಕಂಡವಳು ನಾನು. ಪೊಲೀಸ್ ಠಾಣೆಯ ಮೆಟ್ಟಿಲನ್ನು ಹುಟ್ಟಿದಂದಿನಿಂದ ಹತ್ತಿದವಳಲ್ಲ. ಹೆದರಿ ಬಾಗಿಲ ಕಡೆಗೆ ಸರಿದೆ.

ಆನಿ ಬಾಯಿ ಫೋನ್ ತೆಗೆದು, ಸ್ಪೀಕರ್ ಹಾಕಿ ಕ್ಲಾಯ್ಡನಿಗೆ ಕರೆ ಮಾಡಿದರು. "ನಿನ್ನ ಮೇಲೆ ಸಿಟ್ಟಿಲ್ಲ ಮಗಾ. ಆದರೆ ಇವರ ಕಾಲು ಕೂಡಲಿಲ್ಲ," ಎಂದರು.

"ನನಗೆ ಯಾರೂ ಹೇಳಲಿಲ್ಲ ಆಂಟಿ," ಎಂದ ಕ್ಲಾಯ್ಡ್. "ಎಲ್ಲ ಸರಿಯಾಗಿದೆ ಅಂತ ಇದ್ದೆ. ಕಾರಿನ ಇನ್ಸೂರೆನ್ಸ್ ಚಾಲ್ತಿಯಲ್ಲಿ ಉಂಟು, ಕಾಗದ ಈಗಲೇ ಕಳಿಸ್ತೇನೆ. ಈಸ್ಟರಿಗೆ ರಜೆ ಹಾಕಿ ಬಂದು ಸ್ಟೇಷನ್ನಿನಲ್ಲಿ ನಾನೇ ಹೇಳ್ತೇನೆ."

ಗಲ್ಫಿನಲ್ಲಿ ಕೆಲಸ ಮಾಡುವ ಹುಡುಗ ಅಷ್ಟು ಹೇಳಿದ ಮೇಲೆ, ಠಾಣೆಯಿಂದ ಅರ್ಧ ಮೈಲಿ ದೂರದಲ್ಲಿ ಕುಳಿತ ನನಗೆ ಹೆದರಲು ನಾಚಿಕೆಯಾಯಿತು. ಮರುದಿನವೇ ಜೆನಿಟಾಳ ಜೊತೆ ಆನಿ ಬಾಯಿ, ನಾನು ಠಾಣೆಗೆ ಹೋದೆವು. ತಡವಾದದ್ದು ಏಕೆ ಎಂದು ದೂರಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿದೆವು. ಕ್ಲಾಯ್ಡ್ ಮಾತು ತಪ್ಪಲಿಲ್ಲ. ಆಸ್ಪತ್ರೆಯ ಬಿಲ್ಲುಗಳು, ಡಾಕ್ಟರರ ಸರ್ಟಿಫಿಕೇಟು, ದುಡಿಮೆಗೆ ಸಾಕ್ಷಿಯಾಗಿ ಬೇಕರಿಯವರ ಪತ್ರ ಎಲ್ಲವನ್ನೂ ಜೋಡಿಸಿದೆವು. ಕಾನೂನು ಸೇವಾ ಸಮಿತಿಯವರು ಕೊಟ್ಟ ವಕೀಲರು ಗಡುವಿನೊಳಗೆ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಅವರಿಗೆ ನಾವು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಆಪರೇಷನ್ನಿಗೆ ಸಂಘ ಸಾಲ ಕೊಟ್ಟಿತು.

ನ್ಯಾಯಮಂಡಳಿಯಲ್ಲಿ ಕಂಪೆನಿಯ ವಕೀಲರು ನನ್ನನ್ನು ಕೇಳಿದರು: "ಕಣ್ಣಾರೆ ಕಂಡಿದ್ದರೆ ನಾಲ್ಕು ತಿಂಗಳು ಯಾಕಮ್ಮ ಸುಮ್ಮನಿದ್ದಿರಿ?"

"ಒಳ್ಳೆಯದು ಮಾಡ್ತಾ ಇದ್ದೇನೆ ಅಂತ ತಿಳಿದಿದ್ದೆ," ಎಂದೆ. "ಆ ನಾಲ್ಕು ತಿಂಗಳು ಇವರ ಮನೆಯಲ್ಲಿ ಗಂಜಿಗೂ ಕಷ್ಟ ಇತ್ತು. ಅದು ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ."

ಅವರು ಕಡತ ಮಡಚಿ ಕುಳಿತರು.

ವರ್ಷದ ಮೇಲೆ ತೀರ್ಪು ಬಂತು. ಕೇಳಿದಷ್ಟು ಸಿಗಲಿಲ್ಲ. ಆದರೆ ಸಂಘದ ಸಾಲ ತೀರಿತು, ಮನೆ ನಿಂತಿತು. ಕ್ಲಾಯ್ಡನಿಗೆ ದಂಡವಾಯಿತು, ಕೆಲಸ ಉಳಿಯಿತು. ಪೊರ್ಬುಗಳು ಈಗ ಕೋಲೂರಿ ನಡೆಯುತ್ತಾರೆ. ಓಣಿ ಓಣಿ ತಿರುಗುವ ಕಾಲ ಮಾತ್ರ ಮುಗಿಯಿತು. ಎರಡನೆಯ ಆಪರೇಷನ್ ಎರಡು ತಿಂಗಳು ಮೊದಲೇ ಆಗಿದ್ದರೆ ಕೋಲೂ ಬೇಕಿರಲಿಲ್ಲ ಎಂದರು ಡಾಕ್ಟರು. ಆ ಮಾತು ನನ್ನನ್ನು ಬಿಡುವುದಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಸೈಕಲಿನಲ್ಲಿ ಹೋಗುವವರಿಗೂ, ನಡೆದು ಹೋಗುವವರಿಗೂ ಗುದ್ದಿದ ಗಾಡಿಯ ವಿಮೆಯಿಂದ ಪರಿಹಾರ ಕೇಳುವ ಹಕ್ಕು ಉಂಟು. ಗಾಡಿಯ ನಂಬರು ಬರೆದುಕೊಳ್ಳಿ. ಪೊಲೀಸರಿಗೆ ತಿಳಿಸಿ. ಆಸ್ಪತ್ರೆಯಲ್ಲಿ ನಡೆದದ್ದನ್ನೇ ಹೇಳಿ, ಪ್ರತಿ ಬಿಲ್ಲನ್ನೂ ಇಟ್ಟುಕೊಳ್ಳಿ. ಆರು ತಿಂಗಳು ದಾಟಲು ಬಿಡಬೇಡಿ. ದಾರಿ ಗೊತ್ತಾಗದಿದ್ದರೆ ನಿಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಗುದ್ದಿದವರು ನಿಮ್ಮವರೇ ಆಗಿದ್ದರೆ ಮನಸಾರೆ ಕ್ಷಮಿಸಿ, ಬೇಡ ಎನ್ನುವುದಿಲ್ಲ. ಆದರೆ ಸುಳ್ಳು ಹೇಳಿ ಕ್ಷಮಿಸಬೇಡಿ. ಗೇಟಿನ ಹತ್ತಿರ ನಿಂತು ಕಂಡವರು ನೀವಾಗಿದ್ದರೆ, ನನ್ನ ಹಾಗೆ ನಾಲ್ಕು ತಿಂಗಳು ಕಾಯಬೇಡಿ. ಅದೇ ದಿನ ಹೇಳಿ.