ಈಜುಕೊಳದ ಕೆಂಪು ಬಾವುಟ

ಟಕ್ ಅಂದಿತಲ್ಲ, ಏನದು, ಗೋಡೆಯ ಆಚೆಯಿಂದಲೋ ಕೆಳಗಿನ ಮನೆಯಿಂದಲೋ, ಲೋಟ ಇಟ್ಟ ಸದ್ದಾದರೆ ಪರವಾಗಿಲ್ಲ, ಲೋಟ ಬಿದ್ದ ಸದ್ದಾದರೆ — ಅವಳು ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯ ಹಿಂದಕ್ಕೆ ಸರಿಸಿ ಉಸಿರು ಬಿಗಿಹಿಡಿದಳು, ಇನ್ನೊಂದು ಕಿವಿಯಲ್ಲಿ ಯಾರೋ ಹೆಂಗಸು ಫ್ರಿಜ್ಜಿನ ಪುರಾಣ ಬಿಚ್ಚಿಕೊಂಡು ಕೂತಿದ್ದಾಳೆ, ತಂದು ಮೂರು ತಿಂಗಳೂ ಆಗಿಲ್ಲ ಮೇಡಂ, ಹಾಲೆಲ್ಲ ಒಡೆದುಹೋಗ್ತಿದೆ, ಕ್ಷಮಿಸಿ ಮೇಡಂ, ನಿಮ್ಮ ಕಷ್ಟ ನಮಗೆ ಅರ್ಥ ಆಗುತ್ತೆ, ಬಾಯಿ ತನ್ನ ಪಾಡಿಗೆ ತಾನು ಹೇಳುತ್ತದೆ, ಹನ್ನೊಂದು ವರ್ಷ ಹೇಳಿ ಹೇಳಿ ನಾಲಿಗೆಗೆ ಈಗ ಅವಳ ಸಹಾಯವೇ ಬೇಕಿಲ್ಲ, ಕಿವಿ ಮಾತ್ರ ಗೋಡೆಗೆ. ಗೋಡೆಯ ಆಚೆ ಅಪ್ಪ. ಸೊಂಟದ ಮೂಳೆಗೆ ಸರಳು ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದು ನಾಲ್ಕು ದಿನ, ಅವಳು ರಜೆ ಮುಗಿಸಿ ಮತ್ತೆ ಈ ಕುರ್ಚಿಯಲ್ಲಿ ಕೂತದ್ದು ಇವತ್ತೇ, ಒಂಬತ್ತಕ್ಕೆ ಕೂತಳು, ಈಗ ಹನ್ನೊಂದೂ ಕಾಲು, ಆ ಕೋಣೆಯಿಂದ ಒಂದು ಕೂಗಿಲ್ಲ, ಒಂದು ಕೆಮ್ಮಿಲ್ಲ. ಏನ್ ಬೇಕಾದ್ರೂ ಕೂಗಿ ಅಪ್ಪ ಅಂತ ಬೆಳಗ್ಗೆ ಮೂರು ಸಲ ಹೇಳಿದ್ದಾಳೆ, ಅವರದೇ ಹಳೇ ಸೀಟಿಯನ್ನು ಹುಡುಕಿ ತೊಳೆದು ದಿಂಬಿನ ಪಕ್ಕ ಇಟ್ಟಿದ್ದಾಳೆ, ಹೂಂ ಅಂದರು. ಹೂಂ ಅನ್ನುವುದಕ್ಕೆ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವತ್ತಿನ ಮಾತು ಹೇಳಿಬಿಡಬೇಕು, ಇವತ್ತಾದರೂ, ಊಟದ ಹೊತ್ತಿಗಾದರೂ.

ಮೊದಲು ಎಂಥ ಗಂಟಲು ಅದು, ಊರ ಈಜುಕೊಳದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದ ಗಂಟಲು, ಈ ದಡದಲ್ಲಿ ನಿಂತು ಆ ದಡದ ಮಗುವಿಗೆ ಕಾಲು ಬಡಿ, ಕಾಲು ಬಡಿ ಅಂದರೆ ರಸ್ತೆಯಲ್ಲಿ ಹೋಗುವವರೂ ಒಂದು ಗಳಿಗೆ ನಿಂತು ತಮ್ಮ ಕಾಲು ನೋಡಿಕೊಳ್ಳಬೇಕು, ಅಮ್ಮ ಇದ್ದಾಗ ಕಿವಿ ಮುಚ್ಚಿಕೊಂಡು ಬೈಯುತ್ತಿದ್ದಳು, ಉಪ್ಪು ಕೇಳೋದಕ್ಕೂ ಹಾಗೆ ಅರಚಬೇಕಾ, ಇದು ಅಡುಗೆಮನೆ ಕಣ್ರೀ, ಕೊಳ ಅಲ್ಲ. ಮೊದಲ ದಿನ ಯಾವ ಮಗುವನ್ನೂ ನೀರಿಗೆ ಇಳಿಸುತ್ತಿರಲಿಲ್ಲ ಅಪ್ಪ, ಸಾಲಾಗಿ ದಡದಲ್ಲಿ ಕೂರಿಸಿ ಕೂಗಿಸುತ್ತಿದ್ದರು, ಈಜೋದು ಆಮೇಲೆ, ಮೊದಲು ಕೂಗೋದು ಕಲೀರಿ, ಮುಳುಗ್ತಿದ್ದೀನಿ ಅನ್ನಿಸಿದರೆ ನಾಚಿಕೆ ಪಡಬೇಡಿ, ಕೂಗಿದವರಿಗೆ ಕೈ ಸಿಗುತ್ತೆ, ಎಲ್ಲಿ ಕೂಗಿ ನೋಡೋಣ. ಅವಳೂ ಕೂಗಿದ್ದಳು, ಆರು ವರ್ಷ, ಹಳದಿ ಟೊಪ್ಪಿ, ಅಪ್ಪಾ ಅಂತ ಕೂಗಿದ್ದಕ್ಕೆ ಎಲ್ಲರೂ ನಕ್ಕರು, ಅಪ್ಪ ಮಾತ್ರ ನಗಲಿಲ್ಲ, ಸಾಲದು ಪುಟ್ಟಿ, ಇನ್ನೂ ಜೋರಾಗಿ. ಕೊಳದ ಮೂಲೆಯಲ್ಲಿ ಒಂದು ಕಂಬ, ನೀರಿಗೆ ಔಷಧಿ ಹಾಕಿದ ದಿನ ಅದಕ್ಕೊಂದು ಕೆಂಪು ಬಾವುಟ, ಬಾವುಟ ಇದ್ದರೆ ಯಾರ ಪಾದವೂ ನೀರು ಮುಟ್ಟಕೂಡದು, ದೊಡ್ಡ ಅಧಿಕಾರಿ ಮೊಮ್ಮಕ್ಕಳನ್ನು ಕರೆದುಕೊಂಡು ಬಂದಾಗಲೂ ಅಪ್ಪ ಜಪ್ಪಯ್ಯ ಅನ್ನಲಿಲ್ಲ, ಬಾವುಟ ಅಂದ್ರೆ ಬಾವುಟ ಸಾರ್. ನಿವೃತ್ತಿಯ ದಿನ ಶಾಲು ಹೊದಿಸಿದರು, ಅದು ಎಲ್ಲಿ ಹೋಯಿತೋ, ಆ ಬಾವುಟ ಮಾತ್ರ ಪೆಟ್ಟಿಗೆಯ ತಳದಲ್ಲಿ ಭದ್ರವಾಗಿತ್ತು.

ಆಯ್ತು ಮೇಡಂ, ನಾಳೆ ಹತ್ತರಿಂದ ಹನ್ನೆರಡರೊಳಗೆ ಮೆಕ್ಯಾನಿಕ್ ಬರ್ತಾರೆ — ಹೆಂಗಸು ಫೋನ್ ಇಟ್ಟಳು, ತೆರೆಯ ಮೇಲೆ ಗಡಿಯಾರದಮ್ಮನ ಸಂದೇಶ ಬಂದು ಕೂತಿದೆ, ಮೇಲ್ವಿಚಾರಕಿಗೆ ಎಲ್ಲರೂ ಇಟ್ಟ ಹೆಸರು ಅದು, ವಾಪಸ್ ಬಂದದ್ದು ಸಂತೋಷ, ತಂದೆ ಹೇಗಿದ್ದಾರೆ, ನಿಮ್ಮ ಕರೆಗಳ ಸರಾಸರಿ ಸ್ವಲ್ಪ ಇಳಿದಿದೆ ಗಮನಿಸಿ, ಮೂರೂ ಒಂದೇ ಸಾಲಿನಲ್ಲಿ. ಕೆಟ್ಟವಳಲ್ಲ ಪಾಪ. ಮನೆಯಿಂದ ಕೆಲಸ ಅಂತ ಆದಾಗ ಎಲ್ಲರಿಗೂ ಪಟ್ಟಿ ಕಳಿಸಿದವಳು ಅವಳೇ, ಕೂರುವುದಕ್ಕೆ ಒಂದು ಜಾಗ ಗೊತ್ತುಮಾಡಿಕೊಳ್ಳಿ, ಹಾಸಿಗೆಯ ಮೇಲೆ ಕೂರಬೇಡಿ, ಕಚೇರಿಗೆ ಹೋಗುವ ಬಟ್ಟೆಯನ್ನೇ ಹಾಕಿಕೊಳ್ಳಿ, ನೀವು ಕರೆಯಲ್ಲಿದ್ದೀರಿ ಎಂದು ಮನೆಯವರಿಗೆ ತಿಳಿಯುವಂತೆ ಬಾಗಿಲಿಗೆ ಏನಾದರೂ ಗುರುತು ಇಡಿ. ಅವಳಿಗೆ ಎಷ್ಟು ಸಮಾಧಾನವಾಗಿತ್ತು ಆಗ, ಎರಡು ಬಸ್ಸು ಬದಲಾಯಿಸುವುದು ತಪ್ಪಿತು, ಅಪ್ಪ ಒಬ್ಬರೇ ಮನೆಯಲ್ಲಿ ಏನು ಮಾಡುತ್ತಿದ್ದಾರೋ ಅನ್ನುವ ಪುಕಪುಕ ತಪ್ಪಿತು, ಅವರಿಗೋಸ್ಕರವೇ ಅಲ್ಲವೇ ಇದನ್ನು ಕೇಳಿ ಪಡೆದದ್ದು. ಮೊದಲ ವಾರ ಅಪ್ಪ ಅಡುಗೆಮನೆಯಿಂದ ಚಹಾ ಕುಡೀತೀಯಾ ಪುಟ್ಟಿ ಅಂತ ಕೂಗಿದ್ದು ಗಿರಾಕಿಯ ಕಿವಿಗೆ ಹೋಗಿ, ಹಿನ್ನೆಲೆಯಲ್ಲಿ ಗದ್ದಲ ಅಂತ ಒಂದು ಕಪ್ಪು ಗುರುತು, ಮರುವಾರ ಇನ್ನೊಂದು, ಮೂರಾದರೆ ಮತ್ತೆ ಕಚೇರಿಗೇ, ಆ ದಿನ ಅವಳು ಅತ್ತೇಬಿಟ್ಟಿದ್ದಳು. ಅಪ್ಪ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಬಾವುಟ ತಂದರು, ಮಡಿಕೆ ಬಿಡಿಸಿ ಕೊಟ್ಟರು, ತಗೋ, ಇದನ್ನ ಬಾಗಿಲ ಹಿಡಿಗೆ ಕಟ್ಟು, ಇದು ಇರೋವರೆಗೂ ನಾನು ಸದ್ದು ಮಾಡಿದರೆ ಕೇಳು. ಅಷ್ಟೇ. ಕೆಮ್ಮು ಬಂದರೆ ಬಾಲ್ಕನಿಗೆ ಹೋಗಿ ಟವೆಲ್ ಕಚ್ಚಿಕೊಂಡು ಕೆಮ್ಮಿದರು, ಚಮಚ ತಟ್ಟೆಗೆ ತಾಗದ ಹಾಗೆ ಉಂಡರು, ಬರಿಗಾಲಲ್ಲೇ ಓಡಾಡಿದರು. ಚಪ್ಪಲಿ ಹಾಕಿಕೊಂಡಿದ್ದರೆ ಜಾರುತ್ತಿರಲಿಲ್ಲವೋ ಏನೋ.

ಜಾರಿದ್ದು ಬಚ್ಚಲಿನಿಂದ ಬರುವಾಗ, ಒದ್ದೆ ಕಾಲು, ಬಿದ್ದದ್ದು ಇದೇ ಬಾಗಿಲ ಮುಂದೆ, ಕೈ ಚಾಚಿದರೆ ಬಾಗಿಲು ಸಿಗುವಷ್ಟು ಹತ್ತಿರ. ಅವಳಿಗೆ ಕೇಳಿಸಲಿಲ್ಲ, ಎರಡೂ ಕಿವಿ ಮುಚ್ಚಿತ್ತು, ಬಟ್ಟೆ ಒಗೆಯುವ ಯಂತ್ರದ ಬಗ್ಗೆ ಒಬ್ಬ ಮುದುಕ ಹರಟುತ್ತಿದ್ದ, ಅಲ್ಲಿಯವರೆಗೆ ಯಾರೂ ತಪ್ಪು ಹೇಳುವ ಹಾಗಿಲ್ಲ, ಅಲ್ಲಿಯವರೆಗೆ ಸರಿ. ಮುದುಕನ ಮಾತು ಹತ್ತೇ ನಿಮಿಷಕ್ಕೆ ಮುಗಿದಿತ್ತು. ಮುಂದಿನ ಕರೆಗೆ ಅರ್ಧ ಗಂಟೆ ಬಿಡುವು. ಬಾವುಟ ಬಿಚ್ಚಬೇಕಾಗಿತ್ತು, ಎದ್ದು ಬಾಗಿಲು ತೆಗೆದು ಗಂಟು ಬಿಚ್ಚುವುದಕ್ಕೆ ಎಷ್ಟು ಹೊತ್ತು, ಬಿಚ್ಚಲಿಲ್ಲ, ಮರೆತು ಅಲ್ಲ, ಮರೆವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಬಿಚ್ಚಿದರೆ ಅಪ್ಪ ಬರುತ್ತಾರೆ, ಕೂರುತ್ತಾರೆ, ಇವತ್ತು ಪೇಪರಿನಲ್ಲಿ ಏನು ಬಂದಿದೆ ಗೊತ್ತಾ ಅಂತ ಶುರುಮಾಡುತ್ತಾರೆ, ಇಡೀ ದಿನ ಜನರ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ, ಒಂದರ್ಧ ಗಂಟೆ ಯಾರೂ ಬೇಡ. ಅದೇ ಮೊದಲ ಸಲವೂ ಅಲ್ಲ. ಎಷ್ಟೋ ಮಧ್ಯಾಹ್ನ ಕರೆಯೇ ಇಲ್ಲದೆ ಬಾವುಟ ನೇತಾಡಿದೆ, ಒಳಗೆ ಅವಳು ಮೇಜಿನ ಮೇಲೆ ಕಾಲು ಚಾಚಿ ಮೊಬೈಲ್ ನೋಡುತ್ತ. ಅವತ್ತು ವಿಡಿಯೋದಲ್ಲಿ ಒಂದು ನಾಯಿ, ಸ್ನಾನದ ತೊಟ್ಟಿಯಿಂದ ಈಚೆ ಬಾ ಅಂದರೆ ಬರುವುದೇ ಇಲ್ಲ, ಯಜಮಾನ ಎಳೆದೂ ಎಳೆದೂ ತಾನೇ ದೊಪ್ಪನೆ ತೊಟ್ಟಿಯೊಳಕ್ಕೆ, ಅವಳು ನಕ್ಕಳು, ಮತ್ತೆ ಹಾಕಿ ನೋಡಿ ಮತ್ತೆ ನಕ್ಕಳು. ಆಮೇಲೆ ಬಾಗಿಲು ತೆಗೆದಳು. ಅಪ್ಪ ನೆಲದ ಮೇಲೆ, ಕಾಲು ತಿರುಗಬಾರದ ಕಡೆಗೆ ತಿರುಗಿದೆ, ಹೆಗಲ ಟವೆಲ್ಲಿನ ತುದಿ ಹಲ್ಲಿನ ನಡುವೆ, ಕಣ್ಣು ಮೇಲೆ ಹಿಡಿಯಲ್ಲಿ ಕಟ್ಟಿದ ಬಾವುಟದ ಮೇಲೆ. ಟವೆಲ್ ಬಾಯಿಂದ ತೆಗೆದು ಪಿಸುದನಿಯಲ್ಲಿ ಕೇಳಿದರು, ಮುಗೀತಾ ಪುಟ್ಟಿ? ಈಗಷ್ಟೇ ಮುಗೀತು ಅಪ್ಪ, ಅಂದುಬಿಟ್ಟಳು. ಡಾಕ್ಟರಿಗೂ ಅದನ್ನೇ ಹೇಳಿದಳು, ನೆಂಟರಿಗೂ ಅದನ್ನೇ, ಪಾಪ ನಿನ್ನದೇನು ತಪ್ಪು, ಕೆಲಸದಲ್ಲಿದ್ದೆಯಲ್ಲ, ಅಂತ ಎಲ್ಲರೂ ಬೆನ್ನು ಸವರಿದರು.

ಮತ್ತೆ ಟಕ್. ಲೋಟವಲ್ಲ ಅದು. ಮುಂದಿನ ಕರೆ ಮಿನುಗುತ್ತಿದೆ, ಮಿನುಗಲಿ, ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು, ಎದ್ದ ರಭಸಕ್ಕೆ ಮಂಡಿ ಖಾನೆಗೆ ಬಡಿಯಿತು, ಆ ಖಾನೆಯಲ್ಲೇ ಬಾವುಟ ಮುದುಡಿ ಕೂತಿದೆ, ಎರಡು ಸಲ ಕಸಕ್ಕೆ ಹಾಕಿ ಎರಡು ಸಲ ಎತ್ತಿಕೊಂಡು ಬಂದದ್ದು. ಅಪ್ಪನ ಕೋಣೆ. ಮಗ್ಗುಲಾಗಲು ಹೋಗಿ ಆಗದೆ ಅರ್ಧಕ್ಕೆ ಸಿಕ್ಕಿಕೊಂಡಿದ್ದಾರೆ, ಹಣೆಯ ತುಂಬ ಬೆವರು, ಸೀಟಿ ನೆಲಕ್ಕೆ ಬಿದ್ದಿದೆ, ನೋವಿಗೆ ಕೈ ಮಂಚದ ಚೌಕಟ್ಟಿಗೆ ತಾಗಿದ್ದೇ ಆ ಟಕ್, ಹೊದಿಕೆಯ ಅಂಚು ಹಲ್ಲಿನ ನಡುವೆ. ಬಿಡಿಸಿದಳು. ಮುಗೀತಾ ಪುಟ್ಟಿ, ಅಂದರು. ಯಾಕಪ್ಪ ಕೂಗಲಿಲ್ಲ, ಬಾಗಿಲಲ್ಲಿ ಏನೂ ಇಲ್ಲ ನೋಡಿ, ತೆಗೆದುಹಾಕಿದೀನಿ. ಅಭ್ಯಾಸ ಆಗಿಹೋಗಿದೆ ಬಿಡು. ಬೆನ್ನಿಗೆ ಕೈ ಕೊಟ್ಟು ತಿರುಗಿಸಿದಳು, ಎಷ್ಟು ಹಗುರಾಗಿದ್ದಾರೆ, ನೀರಿನಲ್ಲಿ ಅವಳನ್ನು ಇದೇ ಥರ ಬೆನ್ನ ಕೆಳಗೆ ಕೈ ಕೊಟ್ಟು ತೇಲಿಸಿದ್ದರು, ಈಗಲೇ ಹೇಳಬೇಕು, ಊಟದ ಹೊತ್ತಿಗೆ ಅಂದರೆ ಮತ್ತೆ ಆಗುವುದಿಲ್ಲ — ಅಪ್ಪ, ಅವತ್ತು ನನ್ನ ಕಾಲ್ ಆಗಲೇ ಮುಗಿದುಹೋಗಿತ್ತು, ಸುಮ್ಮನೆ ಕೂತಿದ್ದೆ ಒಳಗೆ, ಬಾವುಟ ಬೇಕೂಂತಲೇ ಬಿಚ್ಚಲಿಲ್ಲ. ಅಪ್ಪ ದಿಂಬಿನ ಮೇಲೆ ತಲೆ ಸರಿಮಾಡಿಕೊಂಡರು. ಗೊತ್ತು. ಗೊತ್ತಾ? ನಿನ್ನ ಮಾತು ನಿಂತಿದ್ದು ಕೇಳಿಸ್ತಲ್ಲ. ಕೂಗೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನೀನು ನಕ್ಕೆ. ಎಷ್ಟು ದಿನ ಆಗಿತ್ತು ಪುಟ್ಟಿ ನೀನು ಹಾಗೆ ನಕ್ಕು. ಇನ್ನೊಂಚೂರು ನಗಲಿ ಅಂತ —

ಕೂಗಿದವರಿಗೆ ಕೈ ಸಿಗುತ್ತೆ, ಇನ್ನೂ ಜೋರಾಗಿ ಪುಟ್ಟಿ, ಹಳದಿ ಟೊಪ್ಪಿ, ಆಚೆ ಕೋಣೆಯಲ್ಲಿ ಕರೆ ಮಿನುಗಿ ಮಿನುಗಿ ನಿಂತಿತು, ಒದ್ದೆ ಕಾಲು, ಬಾಯಿಗೆ ಟವೆಲ್, ನೆಲದಿಂದ ನೋಡಿದರೆ ಎಷ್ಟು ಎತ್ತರ ಆ ಹಿಡಿ, ಹಿಡಿಯಲ್ಲಿ ಬಾವುಟ, ಬಾಗಿಲ ಒಳಗೆ ಅವಳ ನಗು, ಬಾಗಿಲ ಹೊರಗೆ ಅಪ್ಪ, ನಡುವೆ ಬಾವುಟ, ಕೆಂಪು ಬಾವುಟ.