ಅವಳನ್ನು ಅಳಿಸಬೇಡ

ಆ ದಿನ ಮನೆಯವರ ಮುಂದಿದ್ದ ಅತಿ ಗಹನವಾದ ಪ್ರಶ್ನೆ ಕೆಳಗಿನ ಹಜಾರದಲ್ಲಿ ಹೂವಿನ ನಡುವೆ ಮಲಗಿದ್ದ ಅಪ್ಪನದಲ್ಲ, ಮಹಡಿಯ ಓರೆ ಮೇಜಿನ ಮೇಲಿದ್ದ ಒಬ್ಬ ಹೆಂಗಸಿನದು. ಒಂದು ಅಂಗುಲವೂ ಎತ್ತರವಿಲ್ಲದ ಆಕೆ ಕಿಟಕಿಯಲ್ಲಿ ನಿಂತಿರಬೇಕೋ ಬೇಡವೋ ಎಂಬುದು ಮೂರು ಗಂಟೆಯೊಳಗೆ ಇತ್ಯರ್ಥವಾಗಬೇಕಿತ್ತು. ಮೂರಕ್ಕೆ ಅಪ್ಪನನ್ನು ಒಯ್ಯುವ ಗಾಡಿ, ನಾಲ್ಕಕ್ಕೆ ಅಚ್ಚುಕೂಟ. ಮಗಳು ಆ ಹೆಂಗಸಿನ ತಲೆಯಿಂದ ಕೂದಲೆಳೆಯಷ್ಟು ದೂರದಲ್ಲಿ ರಬ್ಬರು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದಳು.

“ಸ್ವಲ್ಪ ತಾಳಮ್ಮ. ಚೀಟಿಯಲ್ಲಿ ಬೇಡ ಅಂತ ಬರೆದಿದ್ದಾರಲ್ಲ,” ಎಂದರು ಬಾಗಿಲಲ್ಲಿದ್ದ ಪ್ರಕಾಶಕರು. ಅವರ ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದು ಕಂಕುಳಲ್ಲಿ ಚಿತ್ರ ಒಯ್ಯುವ ಎರಡು ದೊಡ್ಡ ರಟ್ಟು. ರಟ್ಟಿಗೆ ಕೋಟು ಮುಚ್ಚಿದ್ದರು. ಕೋಟಿಗೆ ಮೂಲೆಗಳು ಮೂಡಿದ್ದವು. “ನಾನು ಬಂದಿದ್ದು ಅವರನ್ನು ನೋಡೋಕೆ, ಪೋಸ್ಟರಿಗಲ್ಲ.”

“ಗೊತ್ತು ಸರ್. ರಟ್ಟು ಕೆಳಗಿಡಿ, ಕೈ ನೋಯುತ್ತೆ.”

ಚೀಟಿ ಮೇಜಿನ ದೀಪದ ಕುತ್ತಿಗೆಗೆ ಅಂಟಿತ್ತು. ಅಪ್ಪನ ಕೈಬರಹವೇ. ಎರಡೇ ಪದ: ಅವಳನ್ನು ಅಳಿಸಬೇಡ.

‘ಒಳಗೆ ಯಾರು’ ಎಂಬ ಸಚಿತ್ರ ದೆವ್ವದ ಕತೆಗೆ ಪೋಸ್ಟರು ಅದು. ಅಪ್ಪನ ಕೆಲಸದ ಕ್ರಮ ಎಲ್ಲರಿಗಿಂತ ಉಲ್ಟಾ. ಮೊದಲು ಇಡೀ ಕಾಗದಕ್ಕೆ ಇದ್ದಿಲು ಬಳಿದು ಕಪ್ಪು ಮಾಡುವರು. ಆಮೇಲೆ ರಬ್ಬರಿನಿಂದ ಬೆಳಕನ್ನು ಹೊರತೆಗೆಯುವರು. ಈ ಹಾಳೆಯಲ್ಲಿ ತೆಗೆದದ್ದು ಮೂರು: ಸೂರಿನ ಒಂದು ಗೆರೆ, ಬೆಳಗುವ ಒಂದು ಕಿಟಕಿ, ಮನೆಯತ್ತ ಹೋಗುವ ಒಂದು ಸಣ್ಣ ಕಾಲುದಾರಿ. ಕಿಟಕಿಯ ಬೆಳಕಲ್ಲಿ ಮಾತ್ರ ಆ ಹೆಂಗಸಿನಷ್ಟು ಕಪ್ಪು ಉಳಿದಿತ್ತು. ಮೇಲೆ ಬರುವ ಅಕ್ಷರಗಳು ಮಗಳದು. ಹದಿನಾರು ವರ್ಷದಿಂದ ಅಪ್ಪನಿಗೆ ಅಕ್ಷರ ಬರೆದುಕೊಡುತ್ತಿದ್ದವಳು ಅವಳೇ. ಇಷ್ಟು ವರ್ಷದಲ್ಲಿ ಅಪ್ಪ ಒಂದು ಪೋಸ್ಟರಿನಲ್ಲೂ ಮನುಷ್ಯರನ್ನು ಉಳಿಸಿದವರಲ್ಲ; ಬದುಕಿದ್ದರೆ ಇವಳನ್ನೂ ಕೊನೆಗೆ ಅಳಿಸಿಯೇಬಿಡುತ್ತಿದ್ದರೇನೋ ಎಂಬುದು ಮಗಳ ಅನುಮಾನ.

ಅಷ್ಟರಲ್ಲಿ ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದರು. ನಿವೃತ್ತ ವ್ಯಾಕರಣ ಮೇಷ್ಟ್ರು. ತಮ್ಮನ ಸಾವಿನಲ್ಲೂ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸುವ ಅವಕಾಶ ಬಿಡುವವರಲ್ಲ. ಚೀಟಿ ಓದಿದರು.

“ಇದು ಚಿತ್ರದ ಮಾತು ಅಂತ ಯಾರು ಹೇಳಿದ್ದು? ‘ಅಳಿ’ ಅಂದರೆ ಇಲ್ಲವಾಗು. ಅದಕ್ಕೆ ‘ಇಸು’ ಹಚ್ಚಿದರೆ ಅಳಿಸು. ‘ಅಳು’ ಅಂದರೆ ಕಣ್ಣೀರಿಡು. ಅದಕ್ಕೂ ‘ಇಸು’ ಹಚ್ಚು, ಅದೂ ಅಳಿಸು. ಚಿತ್ರದವಳನ್ನು ಒರೆಸಬೇಡ ಅಂತಲೂ ಆಯ್ತು, ನಿಮ್ಮಮ್ಮನ ಕಣ್ಣಲ್ಲಿ ನೀರು ಹಾಕಿಸಬೇಡ ಅಂತಲೂ ಆಯ್ತು.”

“ಇವೆರಡರಲ್ಲಿ ಯಾವುದು ದೊಡ್ಡಪ್ಪ?”

“ವ್ಯಾಕರಣದ ಪ್ರಕಾರ ಎರಡೂ ಸರಿ,” ಎಂದು ಕನ್ನಡಕವನ್ನು ಹಣೆಗೇರಿಸಿ, ದೊಡ್ಡ ಸಹಾಯ ಮಾಡಿದವರಂತೆ ಇಳಿದುಹೋದರು.

ಮಗಳು ಸ್ಟೂಲು ಎಳೆದು ಕೂತಳು. ಎರಡನೆಯ ಅರ್ಥ ಅವಳಿಗೆ ಹೊಸದಾಗಿರಲಿಲ್ಲ. ಬೆಳಗಿನಿಂದ ಅದನ್ನು ದೂರವಿಡಲೆಂದೇ ಚಿತ್ರದ ಲೆಕ್ಕಾಚಾರದಲ್ಲಿ ಮುಳುಗಿ ರಬ್ಬರು ಹಿಡಿದಿದ್ದಳು.

*

ಅಪ್ಪನಿಗೆ ಅಳಿಸಪ್ಪ ಎಂಬ ಅಡ್ಡಹೆಸರು ಬಿದ್ದದ್ದು ಮೊದಲ ಪೋಸ್ಟರಿಗೆ. ಹಳೆಯ ಪ್ರಕಾಶಕರು, ಅಂದರೆ ಈಗಿನವರ ತಂದೆ, ಬಾವಿಯಿಂದ ಏಳುವ ದೆವ್ವ ಬೇಕೆಂದಿದ್ದರು, ಕೋರೆಹಲ್ಲು ಸಮೇತ. ಅಪ್ಪ ಬರೆದರು. ಮರುದಿನ ಹಲ್ಲು ಹೋಯಿತು, ಆಮೇಲೆ ತಲೆ, ಆಮೇಲೆ ಬಾವಿ. ಕೊನೆಗೆ ಉಳಿದದ್ದು ಒಂದು ಹಗ್ಗ, ಬಿಗಿಯಾಗಿ ಕೆಳಕ್ಕೆ ಎಳೆದುಕೊಂಡದ್ದು.

“ದೆವ್ವ ಎಲ್ಲಯ್ಯ?”

“ಹಾಳೆ ಚಿಕ್ಕದಾಯ್ತು ಸ್ವಾಮಿ. ನೋಡೋರ ಜೊತೆ ಅವರವರ ಮನೆಗೆ ಹೋಗಲಿ ಅಂತ ಬಿಟ್ಟೆ.”

ಹೊಸದಾಗಿ ಮದುವೆಯಾಗಿದ್ದ ಅಮ್ಮ ಆ ಹಗ್ಗ ನೋಡಿ, ಒಂದು ತಿಂಗಳು ಬಚ್ಚಲಿಗೆ ಹೋಗುವಾಗೆಲ್ಲ ಗಂಡ ಬಾಗಿಲಾಚೆ ನಿಂತು ಕೆಮ್ಮುತ್ತಿರಬೇಕೆಂದು ಕಟ್ಟಪ್ಪಣೆ ಮಾಡಿದಳು. ಕೆಮ್ಮಿ ಕೆಮ್ಮಿ ಸಾಕಾಗಿ ಅಪ್ಪ ಕೆಲಸದ ಕೋಣೆಗೆ ಪರದೆ ಹಾಕಿಸಿದರು. ಅಲ್ಲಿಂದಾಚೆ ನಲವತ್ತು ವರ್ಷ ಅಮ್ಮ ಪರದೆಯ ಈಚೆಯೇ ನಿಂತು, ಸೊಂಟಕ್ಕೆ ಒಂದು ಕೈ ಕೊಟ್ಟು, “ಊಟ ಆರ್ತಿದೆ” ಎಂದು ಕೂಗಿದ್ದು ಬಿಟ್ಟರೆ, ಗಂಡ ಬರೆದ ಇನ್ನೊಂದು ಚಿತ್ರವನ್ನು ನೋಡಲಿಲ್ಲ.

ಕಳೆದ ವಾರ ಅದೇ ಮಾತಿಗೆ ಮಗಳು ಸಿಡುಕಿದ್ದಳು. “ಜನ ಎಲ್ಲಿಂದಲೋ ಬಂದು ನೋಡ್ತಾರೆ. ನೀನು ಒಂದೇ ಒಂದು ಸಲ ಕಣ್ಣು ಬಿಟ್ಟು ನೋಡಿದ್ದೀಯಾ? ಅಪ್ಪ ಯಾರು ಅಂತಲೇ ಗೊತ್ತಿಲ್ಲ ನಿನಗೆ.” ಅಮ್ಮ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಮೇಲೆ, ಪರದೆಯಾಚೆ ರಬ್ಬರಿನ ಸದ್ದು ನಿಂತಿತ್ತು. ನಿನ್ನೆ ಮಧ್ಯಾಹ್ನ ಊಟ ಮುಗಿಸಿದ ಅಪ್ಪ ಕುರ್ಚಿಯಲ್ಲೇ ಹೋಗಿಬಿಟ್ಟರು.

*

“ನಿಮ್ಮ ತಾಯಿಯವರನ್ನೇ ಕೇಳಬಹುದಲ್ಲ,” ಎಂದರು ಪ್ರಕಾಶಕರು ಮೆಲ್ಲಗೆ. “ಎರಡು ಅರ್ಥದಲ್ಲೂ ‘ಅವಳು’ ಅವರೇ ಅನ್ನಿಸುತ್ತೆ ನನಗೆ. ಸೊಂಟದ ಮೇಲಿನ ಆ ಕೈ ನೋಡಿ.”

ಮಗಳು ಕೆಳಗೆ ಹೋಗಿ ಅಮ್ಮನನ್ನು ಕರೆತಂದಳು. ಅಮ್ಮ ಪರದೆಯ ಹತ್ತಿರ ಬಂದು ಅಭ್ಯಾಸಬಲದಿಂದ ನಿಂತೇಬಿಟ್ಟಳು.

“ದೆವ್ವ ಯಾವ ಕಡೆ ಇದೆ, ಮೊದಲೇ ಹೇಳು. ಆ ಕಡೆ ನೋಡಲ್ಲ.”

“ದೆವ್ವ ಇಲ್ಲಮ್ಮ.”

“ಇಲ್ವಾ? ಮತ್ತೆ ನಲವತ್ತು ವರ್ಷ ಇವರು ಒಳಗೆ ಕೂತು ಮಾಡಿದ್ದೇನು?”

ಪ್ರಕಾಶಕರು ಕೆಮ್ಮಿದರು. ಅದು ನಗುವನ್ನು ನುಂಗುವ ಕೆಮ್ಮು. ಆದರೆ ಅಮ್ಮನಿಗೆ ಯಾವ ಕೆಮ್ಮಾದರೂ ಧೈರ್ಯವೇ. ಪರದೆ ಸರಿಸಿ ಒಳಗೆ ಬಂದಳು. ಮಗಳು ಚೀಟಿ ಕೈಗಿತ್ತಳು.

“ಅಮ್ಮ, ಇದು ನನಗೆ ಬರೆದದ್ದಾ? ಅವತ್ತು ನಿನ್ನನ್ನ ಅಳಿಸಿದ್ದಕ್ಕೆ?”

ಅಮ್ಮ ಚೀಟಿಯನ್ನು ದೂರ ಹಿಡಿದು ಓದಿದಳು. “ನೀನೇನೇ ನನ್ನ ಅಳಿಸೋದು? ಅವತ್ತು ಈರುಳ್ಳಿ ಹೆಚ್ಚುತ್ತಿದ್ದೆ.”

ಅವತ್ತು ಒಲೆಯ ಮೇಲೆ ಕಾಯುತ್ತಿದ್ದದ್ದು ಬರೀ ಹಾಲು. ಮಗಳಿಗೆ ಚೆನ್ನಾಗಿ ನೆನಪಿತ್ತು. ರಬ್ಬರನ್ನು ಮೇಜಿನ ಮೇಲಿಟ್ಟಳು.

ಅಮ್ಮ ಮೇಜಿನ ಹತ್ತಿರ ಬಂದು, ಬೆರಳ ಸಂದಿಯಿಂದ, ಆಮೇಲೆ ಬೆರಳು ತೆಗೆದು, ಚಿತ್ರ ನೋಡಿದಳು. ನೋಡಿದಷ್ಟು ಹೊತ್ತು ಕೆಳಗಿನವರ ಪಿಸುಮಾತು ಕೇಳುತ್ತಿತ್ತು.

“ನಾನೇ,” ಎಂದಳು. “ಇಷ್ಟು ದಪ್ಪ ಇಲ್ಲ ನಾನು.”

“ಇರಲಾ, ತೆಗೀಲಾ?”

“ಇರಲಿ ಬಿಡು. ಇಷ್ಟು ವರ್ಷಕ್ಕೆ ಒಬ್ಬಳನ್ನ ಉಳಿಸಿದ್ದಾರೆ.” ಮತ್ತೆ ಬಗ್ಗಿದಳು. “ಅಲ್ಲ ಕಣೇ, ಈ ದಾರಿ ಎಲ್ಲಿಗೆ ಹೋಗುತ್ತೆ?”

“ಮನೆಗೆ.”

“ಮನೆಗೆ ಬಾಗಿಲೇ ಇಲ್ಲವಲ್ಲ!”

ಮಗಳು ಬಗ್ಗಿದಳು. ಪ್ರಕಾಶಕರೂ ಬಗ್ಗಿದರು. ಬೆಳಗಿನಿಂದ ಇಬ್ಬರೂ ಕಿಟಕಿಯನ್ನೇ ದಿಟ್ಟಿಸಿದ್ದರು. ದಾರಿ ಗೋಡೆಗೆ ಮುಟ್ಟಿ ಅಲ್ಲೇ ನಿಂತದ್ದನ್ನು ಕಂಡಿರಲಿಲ್ಲ. ಪ್ರಕಾಶಕರ ಕುತ್ತಿಗೆಯ ಕೂದಲು ನಿಮಿರಿತು. ಕೆಲಸ ಬಲ್ಲವರಾದ್ದರಿಂದ ಅವರಿಗೆ ಸಂತೋಷವೇ ಆಯಿತು.

“ಅದೇ ನೋಡಿ ಇದರ ಹೆದರಿಕೆ!” ಎಂದರು. “ಎಂಥ ಕೈ!”

“ನನ್ನನ್ನ ಬಾಗಿಲಿಲ್ಲದ ಮನೇಲಿ ನಿಲ್ಲಿಸಿ ಇವರು ಎಲ್ಲಿದ್ದಾರಂತೆ?”

“ಹೊರಗೆ ಅಮ್ಮ. ದಾರೀಲಿ. ನಾವು ನೋಡ್ತಿರೋದು ಅಪ್ಪ ನಿಂತ ಜಾಗದಿಂದಲೇ.”

“ಹಾಗಾದ್ರೆ ಊಟಕ್ಕೆ ಒಳಗೆ ಬರೋದು ಹೇಗೆ?”

ಅಮ್ಮ ರಬ್ಬರಿಗೆ ಕೈ ಹಾಕಿದಳು. ಪ್ರಕಾಶಕರು “ಅಯ್ಯೋ, ತಾಯಿ” ಎಂದು ಮುಂದೆ ಬಂದರು. ಮಗಳು ಅವರ ತೋಳು ಹಿಡಿದಳು.

“ಅಪ್ಪ ಹೇಳಿದ್ದು ‘ಅವಳನ್ನು ಅಳಿಸಬೇಡ’ ಅಂತ ಸರ್. ಅವಳು ಅಳಿಸಬಾರದು ಅಂತಲ್ಲ.”

ದಾರಿ ಮುಗಿದ ಕಡೆ ಅಮ್ಮ ರಬ್ಬರನ್ನು ಒತ್ತಿ, ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದಳು. ಗೆರೆ ಸ್ವಲ್ಪ ಸೊಟ್ಟ ಬಂತು. ಕಪ್ಪಿನಲ್ಲಿ ಒಂದು ಬೆಳಕಿನ ಸೀಳು: ಬಾಗಿಲು, ಬೆರಳು ತೂರುವಷ್ಟೇ ತೆರೆದದ್ದು. ರಬ್ಬರಿನ ಪುಡಿಯನ್ನು ಊದಿದಳು, ಅಂಗೈಯ ಮಸಿ ನೋಡಿಕೊಂಡಳು. ಅಷ್ಟಾದ ಮೇಲೆ, ಎರಡು ದಿನದಲ್ಲಿ ಮೊದಲ ಬಾರಿಗೆ, ಗಟ್ಟಿಯಾಗಿ ಅತ್ತಳು. ಮಗಳು ತಡೆಯಲಿಲ್ಲ; ಜೊತೆಗೂಡಿದಳು. ಮೂಗು ಒರೆಸಿಕೊಂಡಾಗ ಇಬ್ಬರ ಮುಖಕ್ಕೂ ಮಸಿ ಹತ್ತಿತು. ಅದನ್ನು ಕಂಡು ಇಬ್ಬರಿಗೂ ನಗು ಬಂದು, ಕೆಳಗಿದ್ದವರು ಗಾಬರಿಯಾಗಿ ಮೇಲೆ ನೋಡಿದರು.

ಪ್ರಕಾಶಕರು ಚಿತ್ರವನ್ನು ರಟ್ಟುಗಳ ನಡುವೆ ಇಟ್ಟರು. ಮೂರಕ್ಕೆ ಗಾಡಿ ಬಂತು. ನಾಲ್ಕಕ್ಕೆ ಪೋಸ್ಟರು ಅಚ್ಚಿಗೆ ಹೋಯಿತು.

ಮುಂದಿನ ವಾರ ಅದನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದರು. ಅಲ್ಲಿ ಬಸ್ಸಿಗೆ ಕಾಯುವವರು ಆ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಬಿಟ್ಟರು.