ಚೆಲ್ಲದ ಕಾಫಿ

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಂಪಿನ ಬಿಡಿಭಾಗ ಮಾಡುವ ಗುರುಸಿದ್ದಯ್ಯನವರ ಕಾರ್ಖಾನೆಗೆ ಚೇತನಾ ಸೇರಿದ್ದು ಡ್ರಾಯಿಂಗ್ ಮಾಡುವುದಕ್ಕೆ. ಡಿಪ್ಲೊಮಾ ಓದಿದವಳು, ಕಂಪ್ಯೂಟರಿನಲ್ಲಿ ಅವಳು ಎಳೆದ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಅಟೆಂಡರ್ ಚಿಕ್ಕಹನುಮಯ್ಯ ರಿಟೈರ್ ಆದರು ನೋಡಿ, ಅವರ ಜಾಗಕ್ಕೆ ಇನ್ನೊಬ್ಬರು ಬರಲೇ ಇಲ್ಲ. "ಇವತ್ತೊಂದಿನ ನೀವೇ ಕಾಫಿ ಕೊಟ್ಬಿಡಿ ಚೇತನಾ" ಅಂದರು ಗುರುಸಿದ್ದಯ್ಯ. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ. ಆಫೀಸಿನಲ್ಲಿ ಆರು ಜನ ಗಂಡಸರಿದ್ದರು, ಆರು ಜನಕ್ಕೂ ಕೈಕಾಲು ನೆಟ್ಟಗಿದ್ದವು. ಹೆಂಗಸು ಅಂತ ಇದ್ದವಳು ಇವಳೊಬ್ಬಳೇ, ಬೇರೆ ಕಾರಣವೇನೂ ಇರಲಿಲ್ಲ.

ಹಾಳಾಗಿಹೋಗಲಿ ಅಂತ ಅವಳೂ ಸುಮ್ಮನಿದ್ದಳು. ಮೈ ಉರಿದದ್ದು ಹೋದ ವರ್ಷದ ಆಯುಧಪೂಜೆಯಲ್ಲಿ. ಅವತ್ತು ಅವರವರು ದುಡಿಯುವ ವಸ್ತುವಿಗೆ ಅವರವರೇ ಕುಂಕುಮ ಹಚ್ಚಿ ಹೂವಿಡಬೇಕು. ಟರ್ನರ್ ಮುನಿರಾಜು ಲೇತಿಗೆ ಹಚ್ಚಿದ, ಡ್ರೈವರು ಟೆಂಪೋಗೆ ಹಚ್ಚಿದ. ಚೇತನಾ ಕಂಪ್ಯೂಟರಿನ ಕಡೆ ಕೈ ಚಾಚುವಷ್ಟರಲ್ಲಿ ಗುರುಸಿದ್ದಯ್ಯ ಕಾಫಿ ಟ್ರೇ ತಂದು ಅವಳ ಮುಂದಿಟ್ಟು, "ನಿಮ್ಮ ಆಯುಧ ಇದಲ್ವಾ" ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ತಾನು ನಕ್ಕಿದ್ದು ನೆನೆಸಿಕೊಂಡು ತನ್ನ ಮೇಲೇ ಸಿಟ್ಟು ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈ ವರ್ಷ ಹಬ್ಬ ಮುಗಿದ ಸೋಮವಾರ ಕೊಯಮತ್ತೂರಿನ ದೊಡ್ಡ ಪಾರ್ಟಿಯೊಂದು ಹೊಸ ಪಂಪಿನ ಡ್ರಾಯಿಂಗ್ ನೋಡಲು ಬರುವುದಿತ್ತು. ಮೊದಲಿಂದ ಕೊನೆಯವರೆಗೆ ಅದು ಚೇತನಾಳ ಡ್ರಾಯಿಂಗ್.

"ಮೀಟಿಂಗಲ್ಲಿ ನಾನೂ ಕೂತ್ಕೊಳ್ಳಾ ಸಾರ್?" ಅಂತ ಕೇಳಿದಳು.

ಗುರುಸಿದ್ದಯ್ಯ ತಲೆಯೆತ್ತಲೂ ಇಲ್ಲ. "ನೀವು ಕೂತ್ರೆ ಕಾಫಿ ಯಾರಮ್ಮ ಕೊಡ್ತಾರೆ?"

ಪೂಜೆ ಆದ ಮೇಲೆ ಕೆಲಸದವರು ವೇಷ ಹಾಕಿ ಮನೆಮಂದಿಯ ಎದುರು ಆಡಿ ತೋರಿಸುವುದು ಆ ಕಾರ್ಖಾನೆಯ ಪದ್ಧತಿ. ಯಾವತ್ತೂ ಹೆಸರು ಕೊಡದ ಚೇತನಾ ಈ ಸಲ ಕೊಟ್ಟಳು. ಸಂಜೆ ಅತ್ತಿಗುಪ್ಪೆಯಲ್ಲಿದ್ದ ಚಿಕ್ಕಹನುಮಯ್ಯನವರ ಮನೆಗೆ ಹೋಗಿ ಅವರ ಹಳೆಯ ಖಾಕಿ ಅಂಗಿ ಕೇಳಿದಳು.

ಅವರು ಅಂಗಿ ಕೊಡವುತ್ತಾ, "ನನಗೆ ಅಟೆಂಡರ್ ಅಂತ ಆರ್ಡರ್ ಕೊಟ್ಟಿದ್ರು ತಾಯಿ. ಮೂವತ್ತು ವರ್ಷ ಮರ್ಯಾದೆಯಾಗಿ ಮಾಡ್ದೆ. ನಿಮ್ಮ ಆರ್ಡರಲ್ಲಿ ಏನಂತ ಬರ್ದಿದೆ?" ಅಂದರು.

"ಡ್ರಾಫ್ಟ್ಸ್‌ಮನ್ ಅಂತ."

"ಹಂಗಾದ್ರೆ ಇದನ್ನ ವೇಷಕ್ಕಷ್ಟೇ ಹಾಕ್ಕೊಳಿ."

ವಿಜಯನಗರದ ತನ್ನ ಮನೆಯ ಅಡುಗೆಕೋಣೆಯಲ್ಲಿ ಸುಳ್ಳು ಕಾಫಿ ಮಾಡುವ ಕೆಲಸ ಶುರುವಾಯಿತು. ಹಳೆಯ ಪಾತ್ರೆಯಲ್ಲಿ ಮೇಣದಬತ್ತಿ ಕರಗಿಸಿ, ಕಂದು ಕ್ರೆಯಾನ್ ತುರಿದು ಹಾಕಿದಳು. ಮೊದಲ ಸಲ ಬಣ್ಣ ಕೆಮ್ಮಣ್ಣಿನಂತಾಯಿತು. ಅಮ್ಮ ಇಣುಕಿ ನೋಡಿ, "ಇದನ್ನ ಕೊಟ್ರೆ ನಮ್ಮನೇಗೆ ನೆಂಟರೇ ಬರಲ್ಲ ಕಣೇ" ಅಂದರು. ಇನ್ನಷ್ಟು ಬಿಳಿ ಮೇಣ ಸೇರಿಸಿ, ಪಕ್ಕದಲ್ಲಿ ನಿಜವಾದ ಕಾಫಿ ಇಟ್ಟುಕೊಂಡು ನೋಡಿ ನೋಡಿ ಬಣ್ಣ ಕೂಡಿಸಿದಳು. ನಾಲ್ಕು ಸ್ಟೀಲ್ ಲೋಟಕ್ಕೆ ಹೊಯ್ದಳು. ಉಳಿದ ಮೇಣ ಅರ್ಧ ಆರಿದಾಗ ಫೋರ್ಕಿನಲ್ಲಿ ಕಡೆದರೆ ಹಾಲಿನ ನೊರೆಯ ಹಾಗೇ ಉಬ್ಬಿ ಬಂತು. ಅದನ್ನು ಮೇಲೆ ಹರಡಿ ಸೂಜಿಯಲ್ಲಿ ಚುಚ್ಚಿ ಗುಳ್ಳೆ ಮಾಡಿದವರು ಅಮ್ಮನೇ.

ಆರಿದ ಮೇಲೆ ಲೋಟ ಬೋರಲು ಮಾಡಿದಳು. ಮೇಣದ ಗಟ್ಟಿ ಇಡಿಯಾಗಿ ಜಾರಿ ಅಮ್ಮನ ಕಾಲ ಮೇಲೆ ಬಿತ್ತು.

ಮೇಣ ಆರಿದರೆ ಕುಗ್ಗುತ್ತದೆ, ನುಣ್ಣನೆಯ ಸ್ಟೀಲಿನಲ್ಲಿ ಅದಕ್ಕೆ ಹಿಡಿತವೆಲ್ಲಿ ಸಿಗಬೇಕು? ಚೇತನಾ ಪೆನ್ಸಿಲ್ ಹಿಡಿದು ಲೋಟವನ್ನು ಉದ್ದಕ್ಕೆ ಸೀಳಿದ ಹಾಗೆ ಚಿತ್ರ ಬರೆದು ಅಳತೆ ಹಾಕಿದಳು. ತಳಕ್ಕೆ ಎಂ-ಸೀಲ್ ಅಂಟು ಮೆತ್ತಿ, ತಲೆ ಮೇಲಾಗಿ ಒಂದೊಂದು ಬೋಲ್ಟು ನಿಲ್ಲಿಸಿ, ಅದು ಗಟ್ಟಿಯಾದ ಮೇಲೆ ಮತ್ತೆ ಮೇಣ ಹೊಯ್ದು ನೊರೆ ಹರಡಿದಳು. ಈಗ ಮೇಣ ಕುಗ್ಗಿದಷ್ಟೂ ಬೋಲ್ಟನ್ನು ಬಿಗಿಯಾಗಿ ಅಪ್ಪಿಕೊಂಡಿತು. ಲೋಟಗಳನ್ನು ಟ್ರೇಗೂ ಅಂಟಿಸಿ ತಲೆಕೆಳಗು ಮಾಡಿ ಒದರಿದಳು, ಒಂದು ಚೂರೂ ಅಲ್ಲಾಡಲಿಲ್ಲ. ವಾಸನೆಗೆ ಲೋಟದ ಅಂಚಿಗೆಲ್ಲ ಡಿಕಾಕ್ಷನ್ ಸವರಿದಳು.

ಅಮ್ಮನಿಗೆ ಆಗ ಹೆದರಿಕೆ ಶುರುವಾಯಿತು. "ಕೆಲಸ ಹೋದ್ರೆ ಏನ್ ಮಾಡ್ತೀಯ?"

"ಡ್ರಾಯಿಂಗ್ ಕೆಲಸ ಹೋದ್ರೆ ಕೂತು ಅಳ್ತೀನಿ. ಕಾಫಿ ಕೆಲಸ ಹೋದ್ರೆ ಹೋಳಿಗೆ ಮಾಡಮ್ಮ."

ಪೂಜೆಯ ದಿನ ಗುರುಸಿದ್ದಯ್ಯ ಅಚ್ಚ ಬಿಳಿ ಪಂಚೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಖಾಕಿ ಅಂಗಿ ತೊಟ್ಟು ಟ್ರೇ ಹಿಡಿದು ಬಂದ ಚೇತನಾಳನ್ನು ಕಂಡು, "ವೇಷ ಯಾಕಮ್ಮ, ದಿನಾ ಮಾಡೋದೇ ಅಲ್ವಾ" ಅಂತ ನಕ್ಕರು. ಅವಳು ಎದುರಿಗೆ ಹೋಗಿ ನಿಂತು ಟ್ರೇಯನ್ನು ಸೀದಾ ಅವರ ತೊಡೆಯ ಮೇಲೆ ಬೋರಲು ಹಿಡಿದಳು.

ಗುರುಸಿದ್ದಯ್ಯ ಕುರ್ಚಿ ಉರುಳಿಸಿಕೊಂಡು ಎದ್ದು, ಎರಡು ಕೈಯಲ್ಲಿ ಪಂಚೆ ಕೊಡವಿಕೊಂಡರು. ಪಂಚೆ ಒಣಗಿಯೇ ಇತ್ತು. ನಾಲ್ಕು ಲೋಟದ ನೊರೆಗಾಫಿ ತಲೆಕೆಳಗಾಗಿ ಹಾಗೇ ನಿಂತಿತ್ತು. ಮೊದಲು ನಕ್ಕವನು ಮುನಿರಾಜು, ಆಮೇಲೆ ಇಡೀ ಶೆಡ್ಡೇ ನಕ್ಕಿತು. ಈ ಸಲ ಚೇತನಾ ನಗಲಿಲ್ಲ.

"ಇದು ನಾನು ಕೊಡೋ ಕೊನೇ ಕಾಫಿ ಸಾರ್" ಅಂದಳು.

"ಸೋಮವಾರ ನೋಡ್ಕೋತೀನಿ ನಿಮ್ಮನ್ನ" ಅಂದರು ಅವರು. ಮುಖ ಕೆಂಪಗಾಗಿತ್ತು.

ಶನಿವಾರ, ಭಾನುವಾರ ಅವಳಿಗೆ ಹೆದರಿಕೆ ಇತ್ತು, ಯಾಕೆ ಸುಳ್ಳು ಹೇಳಬೇಕು? ಆದರೂ ಸೋಮವಾರ ಎಲ್ಲರಿಗಿಂತ ಮೊದಲೇ ಮೀಟಿಂಗ್ ರೂಮಿಗೆ ಹೋಗಿ, ಡ್ರಾಯಿಂಗನ್ನು ಮೇಜಿನ ಮೇಲೆ ಹರಡಿ, ಅದರ ಮುಂದಿನ ಕುರ್ಚಿಯಲ್ಲಿ ಕೂತಳು. ಕೊಯಮತ್ತೂರಿನವರು ಬಂದು ಎದುರಿಗೆ ಕೂತರು. ಹಿಂದೆ ಬಂದ ಗುರುಸಿದ್ದಯ್ಯ ಅವಳನ್ನು ನೋಡಿ ಬಾಗಿಲಲ್ಲೇ ನಿಂತರು. ಬಂದವರ ಮುಂದೆ ಕೂಗಾಡುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಮೆಲ್ಲಗೆ, "ಚೇತನಾ, ಕಾಫಿ" ಅಂದರು.

"ಹೂಂ ಸಾರ್, ನನಗೂ ಒಂದು ಹೇಳಿ" ಅಂದಳು ಚೇತನಾ. "ಸಕ್ಕರೆ ಕಡಿಮೆ."